ನಾಯಿಗೂ ದೊಡ್ಡ ಆಸ್ಪತ್ರೆಯೇ ಬೇಕೆ?

ಬೆಂಗಳೂರಿನಲ್ಲಿ ಹೊಸದಾಗಿ ನಾಯಿಮರಿ ತಂದವರು ಮೊದಲು ಕೇಳುವ ಪ್ರಶ್ನೆ, "ಯಾವ ಆಸ್ಪತ್ರೆಗೆ ತೋರಿಸೋದು?" ಉತ್ತರಕ್ಕೆ ಬರವಿಲ್ಲ. ಲಿಫ್ಟಿನಲ್ಲಿ ಸಿಕ್ಕವರು, ಬೆಳಿಗ್ಗೆ ಪಾರ್ಕಿನಲ್ಲಿ ಬೆಲ್ಟು ಹಿಡಿದು ನಿಂತವರು, ಆಫೀಸಿನ ಪಕ್ಕದ ಸೀಟಿನವರು, ಎಲ್ಲರೂ ಹೇಳುವುದು ಒಂದೇ ಬಗೆಯ ಉತ್ತರ: "ಅಲ್ಲಿಗೇ ಹೋಗಿ. ಏಸಿ ಇದೆ, ಸ್ಕ್ಯಾನಿಂಗ್ ಇದೆ, ಇಪ್ಪತ್ನಾಲ್ಕು ಗಂಟೆ ತೆಗೆದಿರುತ್ತೆ, ಒಳ್ಳೇ ರೇಟಿಂಗ್ ಇದೆ. ಸ್ವಲ್ಪ ದೂರ ಅಷ್ಟೆ." ಈ ಶಿಫಾರಸಿನಲ್ಲಿ ಕಟ್ಟಡದ ಹೆಸರಿದೆ, ಯಂತ್ರಗಳ ಹೆಸರಿದೆ, ಪಾರ್ಕಿಂಗಿನ ವಿವರವೂ ಇದೆ. ಡಾಕ್ಟರ ಹೆಸರು ಮಾತ್ರ ಇಲ್ಲ. ಕೇಳಿದರೆ, "ಅಲ್ಲಿ ಯಾರಾದರೂ ಒಬ್ಬರು ಇರ್ತಾರೆ ಬಿಡಿ" ಎನ್ನುತ್ತಾರೆ.

ನನ್ನ ತಕರಾರು ಈ "ಯಾರಾದರೂ ಒಬ್ಬರು" ಎಂಬ ಮಾತಿನ ಮೇಲೆ. ದೊಡ್ಡದಾದಷ್ಟೂ ಒಳ್ಳೆಯದು, ದುಬಾರಿಯಾದಷ್ಟೂ ನಂಬಿಕಸ್ಥ, ಬೀದಿಯ ಕೊನೆಯ ಒಂದು ಷಟರಿನ ಕ್ಲಿನಿಕ್ಕು ಬಡವರಿಗೆ, ಸರ್ಕಾರಿ ಪಶು ಆಸ್ಪತ್ರೆ ಏನಿದ್ದರೂ ದನಕ್ಕೆ ಎಂಬ ನಂಬಿಕೆ ಈಗ ನಗರದಲ್ಲಿ ಪ್ರಶ್ನೆಯೇ ಇಲ್ಲದಂತೆ ನಡೆಯುತ್ತಿದೆ. ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಿಗೂ ಅದು ಹಬ್ಬುತ್ತಿದೆ. ಇದು ತಪ್ಪು. ನಾಯಿ ಬೆಕ್ಕು ಸಾಕಿದವರಿಗೆ ಮೊದಲು ಬೇಕಾದದ್ದು ಮನೆಗೆ ಹತ್ತಿರದಲ್ಲಿರುವ, ನೋಂದಣಿಯಾದ, ತಮ್ಮ ಪ್ರಾಣಿಯನ್ನು ಗುರುತಿಟ್ಟುಕೊಂಡ ಒಬ್ಬ ಡಾಕ್ಟರು. ದೊಡ್ಡ ಆಸ್ಪತ್ರೆಯ ಸರದಿ ಅವರ ನಂತರದ್ದು.

ಎದುರು ಪಕ್ಷದ ಮೊದಲ ವಾದ ಯಂತ್ರಗಳದ್ದು. ಎಕ್ಸ್‌ರೇ, ಅಲ್ಟ್ರಾಸೌಂಡ್, ರಕ್ತಪರೀಕ್ಷೆಯ ಮೆಷಿನ್ನು ಎಲ್ಲ ಒಂದೇ ಸೂರಿನಡಿ ಇದ್ದರೆ ರೋಗ ತಪ್ಪಿಸಿಕೊಳ್ಳಲಾರದು ಎಂದು. ಹಾಗಾದರೆ ನಮ್ಮ ನಾಯಿ ಬೆಕ್ಕುಗಳು ಯಾತಕ್ಕಾಗಿ ಡಾಕ್ಟರ ಬಳಿ ಹೋಗುತ್ತವೆ ಎಂದು ಒಮ್ಮೆ ನೋಡೋಣ. ಲಸಿಕೆ, ಜಂತುಹುಳು, ಕಿವಿ ಸೋರುವುದು, ಕಜ್ಜಿ, ವಾಂತಿ, ಭೇದಿ, ಏನನ್ನೋ ನುಂಗಿದ್ದು, ಇನ್ನೊಂದು ನಾಯಿ ಕಚ್ಚಿದ್ದು, ಉಣುಗು ಹತ್ತಿ ಬರುವ ಟಿಕ್ ಫೀವರ್. ಇವಿಷ್ಟೇ ಬಹುಪಾಲು. ಇವುಗಳಲ್ಲಿ ಕೊನೆಯದು ನಮ್ಮ ಊರುಗಳ ನಾಯಿಗಳನ್ನು ನಿಜಕ್ಕೂ ಕೊಲ್ಲುವ ಕಾಯಿಲೆ. ಎರ್ಲಿಚಿಯಾ, ಬೆಬೀಸಿಯಾ ಎಂಬ ಜೀವಿಗಳು ಉಣುಗಿನ ಬಾಯಿಂದ ರಕ್ತಕ್ಕೆ ಸೇರುತ್ತವೆ. ನಾಯಿ ಊಟ ಬಿಡುತ್ತದೆ, ಜ್ವರ ಏರುತ್ತದೆ, ವಸಡು ಬಿಳಿಚುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತ ಬರುತ್ತದೆ. ಇದನ್ನು ಹಿಡಿಯಲು ಬೇಕಾದದ್ದು ತುಟಿ ಎತ್ತಿ ವಸಡು ನೋಡುವ ಅಭ್ಯಾಸ, ಒಂದು ಹನಿ ರಕ್ತ, ಒಂದು ಗಾಜಿನ ಸ್ಲೈಡು, ಬಣ್ಣ, ಒಂದು ಮೈಕ್ರೋಸ್ಕೋಪು. ಸ್ಲೈಡಿನಲ್ಲಿ ಕಾಣದೆ ಹೋದರೆ ರಕ್ತವನ್ನು ಲ್ಯಾಬಿಗೆ ಕಳಿಸಬಹುದು. ಎರ್ಲಿಚಿಯಾಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಯಾವ ಔಷಧಿ ಅಂಗಡಿಯಲ್ಲೂ ಸಿಗುವ ಹಳೆಯ ಮಾತ್ರೆ. ಅದನ್ನು ಮೂರು ನಾಲ್ಕು ವಾರ ಬಿಡದೆ ಕೊಡಿಸುವುದೇ ಕಷ್ಟದ ಕೆಲಸ. ನಾಯಿ ನಾಲ್ಕನೇ ದಿನಕ್ಕೆ ಎದ್ದು ಓಡಾಡತೊಡಗಿದ ಕೂಡಲೇ ಮಾತ್ರೆ ನಿಲ್ಲಿಸುವ ಮಾಲೀಕರಿಗೆ ಫೋನು ಮಾಡಿ ಗದರುವ ಡಾಕ್ಟರು ಎಲ್ಲಿ ಸಿಗುತ್ತಾರೆ? ಇಡೀ ಬೀದಿಯ ನಾಯಿಗಳನ್ನು ಬಲ್ಲವರ ಬಳಿ. ಈ ತಿಂಗಳು ಯಾವ ಲೇಔಟಿನಲ್ಲಿ ಉಣುಗು ಜಾಸ್ತಿಯಾಗಿದೆ, ಯಾವ ಖಾಲಿ ಸೈಟಿನ ಹುಲ್ಲಿನಿಂದ ಬರುತ್ತಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಸ್ಕ್ಯಾನಿಂಗ್ ಯಂತ್ರಕ್ಕೆ ಗೊತ್ತಿರುವುದಿಲ್ಲ.

ಯಂತ್ರ ಹೇಳುವ ಅಂಕಿಗೂ ಒಂದು ಮಿತಿಯಿದೆ. ವಯಸ್ಸಾದ ಬೆಕ್ಕುಗಳಲ್ಲಿ ಕಿಡ್ನಿ ಸೋಲುವುದು ತೀರ ಸಾಮಾನ್ಯ. ಆದರೆ ರಕ್ತದಲ್ಲಿ ಕ್ರಿಯಾಟಿನಿನ್ ಅಂಶ ಏರುವ ಹೊತ್ತಿಗೆ ಕಿಡ್ನಿಯ ಶಕ್ತಿಯಲ್ಲಿ ಮುಕ್ಕಾಲು ಪಾಲು ಹೋಗಿರುತ್ತದೆ ಎಂಬುದು ಪಶುವೈದ್ಯರಿಗೆಲ್ಲ ತಿಳಿದ ಪಾಠ. ಅದಕ್ಕೂ ಮುಂಚೆ ಸುಳಿವು ಕೊಡುವುದು ತೂಕ. ನಾಲ್ಕು ಕೆಜಿಯ ಬೆಕ್ಕು ಅರ್ಧ ಕೆಜಿ ಇಳಿದರೆ ಮನೆಯವರ ಕಣ್ಣಿಗೆ ಏನೂ ಕಾಣುವುದಿಲ್ಲ. ಅದು ಅರವತ್ನಾಲ್ಕು ಕೆಜಿಯ ಮನುಷ್ಯ ಎಂಟು ಕೆಜಿ ಕಳೆದುಕೊಂಡ ಹಾಗೆ. ಪ್ರತಿ ಸಲವೂ ತೂಕ ಹಾಕಿ ಅದೇ ಪುಸ್ತಕದಲ್ಲಿ ಬರೆದಿಟ್ಟ ಡಾಕ್ಟರು ಆ ಇಳಿತವನ್ನು ಒಂದು ನೋಟದಲ್ಲಿ ಹಿಡಿಯುತ್ತಾರೆ. ಒಂದು ಸಲ ಒಂದು ಆಸ್ಪತ್ರೆ, ಇನ್ನೊಂದು ಸಲ ಇನ್ನೊಂದು ಆಸ್ಪತ್ರೆ, ಒಂದೇ ಆಸ್ಪತ್ರೆಯಾದರೂ ಸಲಕ್ಕೊಬ್ಬ ಡಾಕ್ಟರು ಎಂದು ಅಲೆಯುವವರ ಬೆಕ್ಕಿಗೆ ಆ ಲೆಕ್ಕವೇ ಇರುವುದಿಲ್ಲ. ಕಂಪ್ಯೂಟರಿನಲ್ಲಿ ದಾಖಲೆ ಇದೆಯಲ್ಲ ಎನ್ನಬಹುದು. ದಾಖಲೆ ಇರುತ್ತದೆ, ಕಾಯುವ ಸಾಲು ಉದ್ದವಿರುವಾಗ ಅದರ ಹಿಂದಿನ ಪುಟ ತೆರೆಯುವವರು ಬೇಕಲ್ಲ.

ಎರಡನೆಯ ವಾದ ತುರ್ತಿನದು. ನಡುರಾತ್ರಿ ಏನಾದರೂ ಆದರೆ? ಇದೇ ದೊಡ್ಡ ಆಸ್ಪತ್ರೆಯ ಪರವಾದ ಬಲವಾದ ಮಾತು ಎಂದು ಎಲ್ಲರೂ ತಿಳಿದಿದ್ದಾರೆ. ವಾಸ್ತವದಲ್ಲಿ ಹತ್ತಿರದ ಕ್ಲಿನಿಕ್ಕಿನ ಪರವಾಗಿ ಇದಕ್ಕಿಂತ ಬಲವಾದ ಮಾತಿಲ್ಲ. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್‌ನಂಥ ಎದೆಯಗಲದ ದೊಡ್ಡ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಂಡರೆ ಸಿಗುವುದು ಕೆಲವೇ ಗಂಟೆ. ಏಪ್ರಿಲ್ ಬಿಸಿಲಲ್ಲಿ ಓಡಾಡಿಸಿದ ಪಗ್‌ಗೆ ಮೈ ಕಾವೇರಿ ಕುಸಿದರೆ ಲೆಕ್ಕ ನಿಮಿಷಗಳಲ್ಲಿ. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ ಒಂದೆರಡು ದಿನದಲ್ಲಿ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುತ್ತದೆ. ಮರಳಿನ ಟ್ರೇಯಲ್ಲಿ ಮತ್ತೆ ಮತ್ತೆ ಕುಳಿತು ತಿಣುಕುವುದನ್ನು ಮಲಬದ್ಧತೆ ಎಂದು ತಿಳಿದು ಮನೆಯವರು ಅದರಲ್ಲೇ ಒಂದು ದಿನ ಕಳೆದಿರುತ್ತಾರೆ. ಊರಂಚಿನ ಲೇಔಟುಗಳಲ್ಲಿ, ಮಲೆನಾಡಿನ ತೋಟಗಳಲ್ಲಿ ನಾಯಿಗೆ ಹಾವು ಕಚ್ಚುವುದು ಅಪರೂಪವೇನಲ್ಲ. ಅದಕ್ಕೆ ಬಳಸುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಕೆಲಸ ಮಾಡುವ ಔಷಧಿ, ಮನುಷ್ಯರಿಗೆ ಕೊಡುವಂಥದ್ದೇ.

ಈ ಎಲ್ಲ ಸಂದರ್ಭಗಳಲ್ಲೂ ಮೊದಲ ಗಂಟೆಯ ಚಿಕಿತ್ಸೆ ಸರಳವಾದದ್ದು. ಕಾಲಿನ ನರಕ್ಕೆ ಸೂಜಿ ಹಾಕಿ ಡ್ರಿಪ್ ಕೊಡುವುದು, ಉಬ್ಬಿದ ಹೊಟ್ಟೆಯ ಗಾಳಿಯನ್ನು ದಪ್ಪ ಸೂಜಿಯಿಂದ ಇಳಿಸುವುದು, ಮೈಗೆ ನೀರು ಹೊಯ್ದು ಫ್ಯಾನು ಹಾಕುವುದು, ಸಣ್ಣ ಕೊಳವೆಯಿಂದ ಮೂತ್ರದ ದಾರಿ ಬಿಡಿಸುವುದು. ಒಂದು ಷಟರಿನ ಕ್ಲಿನಿಕ್ಕಿನಲ್ಲೂ ಇವೆಲ್ಲ ಆಗುತ್ತವೆ. ಮಾಡಿದ ಮೇಲೆ ಆಪರೇಷನ್ನಿಗೆ ದೊಡ್ಡ ಆಸ್ಪತ್ರೆಗೆ ಕಳಿಸಲಿ, ಅದು ಸರಿ. ಇದೊಂದೂ ಆಗದೆ ವೈಟ್‌ಫೀಲ್ಡಿನಿಂದ ಹೆಬ್ಬಾಳದ ಕಡೆಗೆ ಸಂಜೆ ಆರೂವರೆಗೆ ಹೊರಟ ನಾಯಿಯ ಗತಿಯನ್ನು ಹೊರವರ್ತುಲ ರಸ್ತೆಯ ಟ್ರಾಫಿಕ್ಕು ತೀರ್ಮಾನಿಸುತ್ತದೆ. ಸ್ವಂತ ಕಾರಿಲ್ಲದವರ ಪಾಡು ಇನ್ನೂ ಕಷ್ಟ. ಮೂವತ್ತು ಕೆಜಿಯ, ನರಳುತ್ತಿರುವ ನಾಯಿಯನ್ನು ಹತ್ತಿಸಿಕೊಳ್ಳುವ ಆಟೋ ಸಿಗಬೇಕು.

ಇನ್ನು "24 ಗಂಟೆ" ಎಂಬ ಬೋರ್ಡು. ಬೆಳಕು ಉರಿಯುತ್ತಿರುವುದು ಬೇರೆ, ಡಾಕ್ಟರು ಇರುವುದು ಬೇರೆ. ರಾತ್ರಿ ಪಾಳಿಯಲ್ಲಿ ಅಲ್ಲಿ ಇರುವವರು ಪಶುವೈದ್ಯರೋ, ಡಾಕ್ಟರಿಗೆ ಫೋನು ಮಾಡಿ ಕೇಳುವ ಸಹಾಯಕರೋ? ಅಡ್ಮಿಟ್ ಆದ ನಾಯಿಯನ್ನು ರಾತ್ರಿ ಎರಡಕ್ಕೆ ಯಾರು ನೋಡುತ್ತಾರೆ? ದೊಡ್ಡ ಆಸ್ಪತ್ರೆ ಆರಿಸುವವರಲ್ಲಿ ಈ ಪ್ರಶ್ನೆ ಕೇಳಿದವರು ಕಡಿಮೆ. ರಾತ್ರಿ ಹತ್ತರ ಮೇಲೆ ಒಮ್ಮೆ ಸುಮ್ಮನೆ ಹೋಗಿ ನೋಡಿದರೆ ಉತ್ತರ ತಾನೇ ಸಿಗುತ್ತದೆ. ನಿಜವಾಗಿ ಡಾಕ್ಟರು ಇರುವ ಆಸ್ಪತ್ರೆಗಳೂ ಇವೆ. ಅವುಗಳ ವಿಳಾಸ, ನಂಬರು ಫ್ರಿಜ್ಜಿನ ಬಾಗಿಲ ಮೇಲಿರಲಿ. ಅದು ರಾತ್ರಿಯ ಏರ್ಪಾಡು. ರಾತ್ರಿಯ ಭಯದಿಂದ ಹಗಲಿನ ಡಾಕ್ಟರನ್ನು ಆರಿಸುವುದು ಸರಿಯಲ್ಲ.

ಮೂರನೆಯ ವಾದ ಸ್ಟಾರುಗಳದ್ದು. ಸಾವಿರ ಜನ ಐದು ಸ್ಟಾರ್ ಕೊಟ್ಟಿದ್ದಾರೆ, ಅವರೆಲ್ಲ ದಡ್ಡರೇ? ದಡ್ಡರಲ್ಲ, ಅವರು ತಮಗೆ ಕಂಡದ್ದಕ್ಕೆ ಅಂಕ ಕೊಟ್ಟಿದ್ದಾರೆ. ಕಾಣುವುದು ರಿಸೆಪ್ಷನ್ನಿನ ನಗು, ಸೋಫಾ, ಪಾರ್ಕಿಂಗು, ಕಾಯಿಸಿದ ಹೊತ್ತು. ಕತ್ತರಿ ಚಿಮಟಗಳನ್ನು ಸರಿಯಾಗಿ ಸ್ಟೆರಿಲೈಸ್ ಮಾಡಿದ್ದರೇ, ಲಸಿಕೆಯ ಫ್ರಿಜ್ಜು ಎರಡರಿಂದ ಎಂಟು ಡಿಗ್ರಿಯೊಳಗೆ ಇತ್ತೇ, ಅರಿವಳಿಕೆಯಲ್ಲಿದ್ದ ನಾಯಿಯ ಉಸಿರನ್ನು ಯಾರು ಎಣಿಸುತ್ತಿದ್ದರು ಎಂಬುದು ಸೋಫಾದಿಂದ ಕಾಣುವುದಿಲ್ಲ.

ಸ್ಟಾರಿನ ಲೆಕ್ಕ ಎಷ್ಟು ತಲೆಕೆಳಗಾಗಬಲ್ಲದು ಎಂಬುದಕ್ಕೆ ಕೆರೆತದ ಕೇಸೇ ಸಾಕು. ನಾಯಿ ಮೈಯೆಲ್ಲ ಕೆರೆದುಕೊಳ್ಳುತ್ತಿದೆ, ಕೂದಲು ಉದುರಿದೆ. ಒಬ್ಬ ಡಾಕ್ಟರು ಒಂದು ಸ್ಟೆರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಅಂದು ರಾತ್ರಿಯೇ ಕೆರೆತ ನಿಲ್ಲುತ್ತದೆ, ಮನೆಯವರಿಗೆ ನಿದ್ದೆ ಬರುತ್ತದೆ, ಬೆಳಿಗ್ಗೆ ಐದು ಸ್ಟಾರ್. ಇನ್ನೊಬ್ಬರು ಬ್ಲೇಡಿನಿಂದ ಚರ್ಮ ಕೆರೆದು, ಮೈಕ್ರೋಸ್ಕೋಪಿನಲ್ಲಿ ನೋಡಿ, ಡೆಮೋಡೆಕ್ಸ್ ಎಂಬ ಕಜ್ಜಿಯ ಹುಳು ಇದೆ, ವಾರಗಟ್ಟಲೆ ಔಷಧಿ ಬೇಕು, ಮತ್ತೆ ಮತ್ತೆ ಬಂದು ತೋರಿಸಿ ಎನ್ನುತ್ತಾರೆ. ಅವರಿಗೆ "ಸುಮ್ಮನೆ ಎಳೆದಾಡಿಸುತ್ತಾರೆ" ಎಂಬ ಬಿರುದು, ಎರಡು ಸ್ಟಾರ್. ಆದರೆ ಡೆಮೋಡೆಕ್ಸ್ ಇರುವ ನಾಯಿಗೆ ಸ್ಟೆರಾಯ್ಡ್ ಕೊಟ್ಟರೆ ರೋಗನಿರೋಧಕ ಶಕ್ತಿ ಕುಗ್ಗಿ ಕಜ್ಜಿ ಇನ್ನೂ ಹರಡುತ್ತದೆ. ಆ ಹೊತ್ತಿಗೆ ಮೊದಲ ಸ್ಟಾರ್ ಯಾರೂ ವಾಪಸು ಪಡೆಯುವುದಿಲ್ಲ. ಪಾರ್ವೊ ಹತ್ತಿದ ಮರಿಗಳದ್ದೂ ಇದೇ ಕತೆ. ಲಸಿಕೆಯಾಗದ ಮರಿಯನ್ನು ಮೂರು ದಿನ ತಡವಾಗಿ ತಂದಿರುತ್ತಾರೆ. ಡಾಕ್ಟರು ಮಾಡಬೇಕಾದ್ದೆಲ್ಲ ಮಾಡಿದರೂ ಅದು ಉಳಿಯುವುದಿಲ್ಲ. ದುಃಖದಲ್ಲಿರುವವರು ಒಂದು ಸ್ಟಾರ್ ಒತ್ತುತ್ತಾರೆ. ಇಂಥ ಕೇಸುಗಳನ್ನು ಹೆಚ್ಚು ನೋಡುವ ಡಾಕ್ಟರ ರೇಟಿಂಗು ಕಡಿಮೆಯೇ ಇರುತ್ತದೆ.

ಪಾರ್ವೊದ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಬೇಕು. ಈ ವೈರಸ್ಸು ನೆಲದ ಮೇಲೆ ತಿಂಗಳುಗಟ್ಟಲೆ ಬದುಕುತ್ತದೆ. ಮನೆ ಒರೆಸುವ ಫಿನೈಲಿಗೆ ಸಾಯುವುದಿಲ್ಲ, ಬ್ಲೀಚ್ ಬೇಕು. ನಗರದ ನಾಲ್ಕು ದಿಕ್ಕಿನ ರೋಗಿಷ್ಠ ಮರಿಗಳು ಬಂದು ಹೋಗುವ ಹಾಲಿನಲ್ಲಿ ಇನ್ನೂ ಲಸಿಕೆ ಪೂರ್ತಿಯಾಗದ ಮರಿಯನ್ನು ನೆಲಕ್ಕೆ ಬಿಟ್ಟು ಒಂದು ಗಂಟೆ ಕಾಯುವುದು ಅಪಾಯವನ್ನು ತಾವೇ ಕರೆದಂತೆ. ಲಸಿಕೆಗೆ ದೊಡ್ಡ ಆಸ್ಪತ್ರೆ ಹುಡುಕುವ ಅಭ್ಯಾಸಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ. ಬೆಕ್ಕಿನ ವಿಷಯದಲ್ಲಿ ಗದ್ದಲವೇ ಸಮಸ್ಯೆ. ಹತ್ತು ನಾಯಿ ಬೊಗಳುವ ಕಡೆ ಬುಟ್ಟಿಯೊಳಗೆ ಮುದುರಿ ಕುಳಿತ ಬೆಕ್ಕಿನ ಎದೆಬಡಿತ, ಸಕ್ಕರೆ ಅಂಶ ಎರಡೂ ಏರುತ್ತವೆ. ಬರೀ ಹೆದರಿಕೆಯಿಂದ ರಕ್ತದ ಸಕ್ಕರೆ ಏರಿ ಮಧುಮೇಹದಂತೆ ತೋರಬಹುದು. ಫೋನು ಮಾಡಿ ಖಾಲಿ ಇರುವ ಹೊತ್ತಿಗೆ ಬನ್ನಿ ಎಂದು ಕರೆಯುವ ಸಣ್ಣ ಕ್ಲಿನಿಕ್ಕು ಬೆಕ್ಕಿಗೆ ಎಷ್ಟೋ ವಾಸಿ.

ನಾಲ್ಕನೆಯದು ದುಡ್ಡಿನ ವಾದ: ದುಬಾರಿ ಅಂದರೆ ಗುಣಮಟ್ಟ. ಈ ಹಾದಿ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಲು ಇಂಗ್ಲೆಂಡಿನ ಕಡೆ ನೋಡಬಹುದು, ನಮಗಿಂತ ಮುಂಚೆ ಅವರು ಆ ಹಾದಿ ಹಿಡಿದವರು. ಬ್ರಿಟನ್ನಿನಲ್ಲಿ 2013ರ ಹೊತ್ತಿಗೆ ಸುಮಾರು ಶೇ. 10ರಷ್ಟು ಪಶು ಕ್ಲಿನಿಕ್ಕುಗಳು ಮಾತ್ರ ದೊಡ್ಡ ಸಮೂಹಗಳ ಕೈಯಲ್ಲಿದ್ದವು; ಹತ್ತು ವರ್ಷದಲ್ಲಿ ಆ ಪಾಲು ಶೇ. 60ರ ಹತ್ತಿರ ಬಂತು. 2023ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರ ಈ ಬಗ್ಗೆ ಪರಿಶೀಲನೆಗೆ ಇಳಿಯಿತು, 2024ರ ಮೇ ತಿಂಗಳಲ್ಲಿ ಅದನ್ನು ಪೂರ್ಣ ತನಿಖೆಯಾಗಿಸಿತು. ಅದು ಕಂಡುಕೊಂಡ ಸಂಗತಿಗಳಲ್ಲಿ ಎರಡು ನಮಗೂ ಮುಖ್ಯ. ಶೇ. 80ಕ್ಕೂ ಹೆಚ್ಚು ಕ್ಲಿನಿಕ್ಕುಗಳು ತಮ್ಮ ಜಾಲತಾಣದಲ್ಲಿ ದರವನ್ನೇ ಹಾಕಿರಲಿಲ್ಲ. ಮತ್ತೆ, ಕೆಲವು ಸಮೂಹಗಳು ಕ್ಲಿನಿಕ್ಕನ್ನು ಕೊಂಡ ಮೇಲೂ ಹಳೆಯ ಹೆಸರಿನ ಬೋರ್ಡನ್ನೇ ಉಳಿಸಿಕೊಂಡಿದ್ದರಿಂದ ಮಾಲೀಕರು ಬದಲಾದದ್ದು ಜನರಿಗೆ ತಿಳಿಯುತ್ತಿರಲಿಲ್ಲ. ಅಮೆರಿಕದಲ್ಲಿ ಮಾರ್ಸ್ ಕಂಪನಿ 2017ರಲ್ಲಿ ವಿಸಿಎ ಎಂಬ ಸುಮಾರು 800 ಆಸ್ಪತ್ರೆಗಳ ಸರಪಳಿಯನ್ನು 900 ಕೋಟಿ ಡಾಲರಿಗೂ ಮಿಕ್ಕಿ ಕೊಟ್ಟು ಕೊಂಡಿತು. ನಮ್ಮ ಕಿರಾಣಿ ಅಂಗಡಿಯಲ್ಲೂ ಸಿಗುವ ಪೆಡಿಗ್ರಿ, ವಿಸ್ಕಸ್, ಪೆಟ್ ಶಾಪಿನ ರಾಯಲ್ ಕ್ಯಾನಿನ್ ಎಲ್ಲವೂ ಅದೇ ಮಾರ್ಸ್ ಕಂಪನಿಯವು. ಊಟ ಮಾರುವವರೂ ಆಸ್ಪತ್ರೆ ನಡೆಸುವವರೂ ಒಬ್ಬರೇ ಆದಲ್ಲಿ ಬಿಲ್ಲು ಹಿಡಿದವರು ಒಂದೆರಡು ಪ್ರಶ್ನೆ ಹೆಚ್ಚಾಗಿಯೇ ಕೇಳಬೇಕಾಗುತ್ತದೆ.

ಬೆಂಗಳೂರಿನಲ್ಲೂ ಬಂಡವಾಳದ ಸರಪಳಿ ಆಸ್ಪತ್ರೆಗಳು ಬಂದಿವೆ. ಅವುಗಳಲ್ಲಿ ಕೆಲಸ ಮಾಡುವ ಡಾಕ್ಟರುಗಳನ್ನು ದೂರುವುದು ನನ್ನ ಉದ್ದೇಶವಲ್ಲ. ಅವರಲ್ಲಿ ಒಳ್ಳೆಯವರು ಬೇಕಾದಷ್ಟಿದ್ದಾರೆ. ಆದರೆ ಬಾಡಿಗೆ, ಏಸಿ, ಯಂತ್ರದ ಕಂತು, ಜಾಹೀರಾತು ಎಲ್ಲವೂ ಕೊನೆಗೆ ರೋಗಿಯ ಬಿಲ್ಲಿನಿಂದಲೇ ಬರಬೇಕು. ಎರಡು ಸಲ ವಾಂತಿ ಮಾಡಿದ ನಾಯಿಗೆ ಮೊದಲೇ ಪೂರ್ತಿ ರಕ್ತಪರೀಕ್ಷೆ, ಎಕ್ಸ್‌ರೇ, ಅಲ್ಟ್ರಾಸೌಂಡ್ ಬರೆಯುವುದು ಎಚ್ಚರಿಕೆಯೂ ಇರಬಹುದು, ಯಂತ್ರದ ಕಂತೂ ಇರಬಹುದು. ಯಾವುದೆಂದು ಗೊತ್ತಾಗುವುದು "ಈ ಪರೀಕ್ಷೆಯಿಂದ ಏನು ಗೊತ್ತಾಗುತ್ತೆ? ಗೊತ್ತಾದರೆ ಔಷಧಿ ಬದಲಾಗುತ್ತಾ?" ಎಂದು ಕೇಳಿದಾಗ. ಸರಿಯಾದ ಡಾಕ್ಟರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಐದನೆಯದು ವಾದವೇ ಅಲ್ಲ, ಬರೀ ತಾತ್ಸಾರ. "ಅದು ದನದ ಆಸ್ಪತ್ರೆ ಕಣ್ರೀ" ಎಂದು ಸರ್ಕಾರಿ ಪಶು ಆಸ್ಪತ್ರೆಯನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವುದು. ದನ ನೋಡುವ ಡಾಕ್ಟರೂ, ಇಂದಿರಾನಗರದ ಗಾಜಿನ ಬಾಗಿಲಿನ ಡಾಕ್ಟರೂ ಓದಿದ್ದು ಒಂದೇ ಪದವಿ: ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಬಿವಿಎಸ್ಸಿ ಅಂಡ್ ಎಎಚ್. ಓದಿದ್ದು ಬಹುಶಃ ಒಂದೇ ಕಾಲೇಜಿನಲ್ಲಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಲ್ಲಿ ಆರಂಭವಾದದ್ದು; ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದಡಿ ಈಗ ಶಿವಮೊಗ್ಗ, ಹಾಸನ, ಗದಗಗಳಲ್ಲೂ ಕಾಲೇಜುಗಳಿವೆ. ಹೆಬ್ಬಾಳದ ಕಾಲೇಜಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ, ಗರ್ಭಕೋಶದ ತೊಂದರೆಗೆ, ಔಷಧ ವಿಭಾಗಕ್ಕೆ ಬೇರೆ ಬೇರೆ ಪ್ರಾಧ್ಯಾಪಕರಿದ್ದಾರೆ. ಕ್ವೀನ್ಸ್ ರಸ್ತೆಯಲ್ಲಿ ಸರ್ಕಾರಿ ಪಶು ಆಸ್ಪತ್ರೆಯಿದೆ. ಬೆಳಿಗ್ಗೆಯಿಂದ ಅಲ್ಲಿ ಸಾಲು ನಿಲ್ಲುವ ನಾಯಿಗಳನ್ನು ನೋಡಿದವರು ದನದ ಮಾತು ಆಡಲಾರರು.

ತಾಲ್ಲೂಕು ಕೇಂದ್ರದ ಪಶುವೈದ್ಯರಿಗೆ ನಗರದವರಿಗಿಲ್ಲದ ಒಂದು ಅನುಭವವಿರುತ್ತದೆ. ಹುಚ್ಚುನಾಯಿ ಕಚ್ಚಿದ ಹಸು ಜೊಲ್ಲು ಸುರಿಸುತ್ತಾ ನುಂಗಲಾರದೆ ನಿಂತಾಗ, ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ರೈತ ಬಾಯೊಳಗೆ ಕೈ ಹಾಕಲು ಹೋಗುತ್ತಾನೆ. ದೂರದಿಂದಲೇ ತಡೆಯುವವರು ಈ ಡಾಕ್ಟರು. ಲಕ್ಷಣ ಕಾಣಿಸಿದ ಮೇಲೆ ರೇಬೀಸಿಗೆ ಮದ್ದಿಲ್ಲ ಎಂಬುದನ್ನು ಅವರು ಪುಸ್ತಕದಲ್ಲಿ ಓದಿದ್ದಷ್ಟೇ ಅಲ್ಲ, ಕಣ್ಣಾರೆ ಕಂಡಿರುತ್ತಾರೆ. ನಾಯಿಯ ಲಸಿಕೆ ಒಂದು ತಿಂಗಳು ತಡವಾದರೂ ಬೈಯುವವರು ಇಂಥವರೇ.

ಸರ್ಕಾರಿ ವ್ಯವಸ್ಥೆ ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ. ಔಷಧಿ ಇರುವುದಿಲ್ಲ, ಹೊರಗೆ ಬರೆಯುತ್ತಾರೆ; ಖಾಲಿ ಹುದ್ದೆಗಳಿವೆ; ಕಾಲುಬಾಯಿ ಜ್ವರದ ಲಸಿಕೆ ಅಭಿಯಾನ ಬಂದರೆ ಡಾಕ್ಟರು ಹಳ್ಳಿ ಹಳ್ಳಿ ತಿರುಗುತ್ತಿರುತ್ತಾರೆ, ಆಸ್ಪತ್ರೆಯಲ್ಲಿ ಸಿಗುವುದಿಲ್ಲ; ಎಷ್ಟೋ ಕಡೆ ಎಕ್ಸ್‌ರೇ ಇಲ್ಲ. ಇವೆಲ್ಲ ದೂರಬೇಕಾದ ಸಂಗತಿಗಳೇ. ಆದರೆ ದೂರಬೇಕಾದವರು ಅಲ್ಲಿಗೆ ಹೋಗುವ ಜನ. ಕಾರಿನಲ್ಲಿ ಬರುವವರು ಅತ್ತ ಸುಳಿಯದೆ ಹೋದರೆ ಅಲ್ಲಿ ಎಕ್ಸ್‌ರೇ ಬೇಕೆಂದು ಕೇಳುವ ದನಿಯೇ ಇರುವುದಿಲ್ಲ. ಹಾವೇರಿಯಲ್ಲೋ ಚಿತ್ರದುರ್ಗದಲ್ಲೋ ಇರುವವರಿಗೆ ಹತ್ತಿರದ ಪಶುವೈದ್ಯರೆಂದರೆ ಬಹಳಷ್ಟು ಸಲ ಈ ಸರ್ಕಾರಿ ಡಾಕ್ಟರೇ.

ಇಷ್ಟು ಹೇಳಿದಾಗ ಬರುವ ಆಕ್ಷೇಪ ನ್ಯಾಯವಾದದ್ದು: ಹತ್ತಿರದವರು ಡಾಕ್ಟರೇ ಅಲ್ಲದಿದ್ದರೆ? ನಿಜ, ಪೆಟ್ ಶಾಪಿನಲ್ಲೇ ಇಂಜೆಕ್ಷನ್ ಚುಚ್ಚುವವರಿದ್ದಾರೆ, ಮರಿ ಮಾರುವವನೇ ಲಸಿಕೆ ಪುಸ್ತಕ ತುಂಬಿಸಿ ಕೊಡುವುದೂ ಇದೆ. ಇದಕ್ಕೆ ಪರಿಹಾರ ದೊಡ್ಡ ಕಟ್ಟಡಕ್ಕೆ ಓಡುವುದಲ್ಲ, ಹತ್ತಿರದವರನ್ನು ಪರೀಕ್ಷಿಸುವುದು. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ನೋಂದಾಯಿತ ಪಶುವೈದ್ಯರಷ್ಟೇ ಚಿಕಿತ್ಸೆ ಕೊಡಬಹುದು. ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಕೇಳಲು ಸಂಕೋಚ ಬೇಡ; ಗೋಡೆಯ ಮೇಲೆ ಸರ್ಟಿಫಿಕೇಟ್ ತೂಗುಹಾಕಿದವರು ಹೆಮ್ಮೆಯಿಂದಲೇ ತೋರಿಸುತ್ತಾರೆ.

ಉಳಿದದ್ದು ಕಣ್ಣಿಗೆ ಕಾಣುವಂಥದ್ದು. ಬಾಗಿಲ ಬಳಿ ತೂಕದ ಯಂತ್ರವಿದೆಯೇ, ಪ್ರತಿ ಸಲ ತೂಕ ಹಾಕುತ್ತಾರೆಯೇ. ಲಸಿಕೆಯ ಫ್ರಿಜ್ಜಿನಲ್ಲಿ ಥರ್ಮಾಮೀಟರಿದೆಯೇ, ಅಥವಾ ಮೊಸರಿನ ಡಬ್ಬಿ ಇದೆಯೇ. ಕರೆಂಟು ಹೋದರೆ ಏನು ಮಾಡುತ್ತಾರೆ. ಚುಚ್ಚುವ ಮುಂಚೆ ಸೀಸೆ ತೋರಿಸಿ ಅದರ ಬ್ಯಾಚ್ ಸ್ಟಿಕ್ಕರನ್ನು ಪುಸ್ತಕದಲ್ಲಿ ಅಂಟಿಸಿ ಸಹಿ ಹಾಕುತ್ತಾರೆಯೇ. ಮರಿಯ ಪಾರ್ವೊ, ಡಿಸ್ಟೆಂಪರ್ ಲಸಿಕೆಯ ಕೊನೆಯ ಡೋಸು ಹದಿನಾರು ವಾರ ತುಂಬಿದ ಮೇಲೆ ಬೀಳಬೇಕು. ಹತ್ತು ವಾರಕ್ಕೇ "ಎಲ್ಲ ಮುಗೀತು" ಎನ್ನುವವರನ್ನು ನಂಬಬೇಡಿ. ವಿಶ್ವ ಸಣ್ಣ ಪ್ರಾಣಿಗಳ ಪಶುವೈದ್ಯರ ಸಂಘದ ಮಾರ್ಗಸೂಚಿಯಂತೆ, ಮರಿಗಳ ಸರಣಿ ಮತ್ತು ಅದರ ಬೂಸ್ಟರ್ ಮುಗಿದ ಮೇಲೆ ಪಾರ್ವೊ, ಡಿಸ್ಟೆಂಪರ್ ಲಸಿಕೆಗಳನ್ನು ಮೂರು ವರ್ಷಕ್ಕಿಂತ ಬೇಗ ಕೊಡಬೇಕಿಲ್ಲ. ಇಲಿಜ್ವರದ ಲಸಿಕೆ ವರ್ಷ ವರ್ಷ ಬೇಕು, ರೇಬೀಸಿನದನ್ನು ನಮ್ಮಲ್ಲಿ ವರ್ಷ ವರ್ಷ ಹಾಕಿಸುವುದು ರೂಢಿ. ಈ ವ್ಯತ್ಯಾಸವನ್ನು ತಾವಾಗಿ ವಿವರಿಸಿ, "ಈ ವರ್ಷ ಇದು ಬೇಡ" ಎಂದು ಬರುವ ದುಡ್ಡನ್ನೇ ಬಿಟ್ಟುಕೊಡುವ ಡಾಕ್ಟರು ಸಿಕ್ಕರೆ ಬಿಡಬೇಡಿ.

ಆಪರೇಷನ್ನಿನ ಮಾತು ಬಂದಾಗ ಕೇಳಬೇಕಾದದ್ದು ನಾಲ್ಕು: ಅರಿವಳಿಕೆ ಯಾವುದು, ಆಪರೇಷನ್ ಆಗುವಾಗ ಉಸಿರು ಬಡಿತ ನೋಡಿಕೊಳ್ಳುವವರು ಯಾರು, ಡ್ರಿಪ್ ಹಾಕಿರುತ್ತೀರಾ, ಆಮೇಲೆ ನೋವಿಗೆ ಏನು ಕೊಡುತ್ತೀರಿ. ನಮ್ಮ ಮುಧೋಳದಂಥ ಬೇಟೆನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ. ಇಂಥ ಜಾತಿಗಳಿಗೆ ಥಯೋಪೆಂಟೋನಿನಂಥ ಹಳೆಯ ಅರಿವಳಿಕೆ ಕೊಟ್ಟರೆ ಎಚ್ಚರವಾಗಲು ಬಹಳ ಹೊತ್ತು ಹಿಡಿಯುತ್ತದೆ. ಕೋಲಿ ಜಾತಿಯ ನಾಯಿಗೆ ಕಜ್ಜಿಯ ಐವರ್‌ಮೆಕ್ಟಿನ್ ವಿಷವಾಗಬಲ್ಲದು. ಮನುಷ್ಯರ ಪ್ಯಾರಸಿಟಮಾಲ್ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಇವನ್ನು ಕೇಳದೆಯೇ ಹೇಳುವ ಡಾಕ್ಟರ ಕ್ಲಿನಿಕ್ಕಿನ ಬಣ್ಣ ಮಾಸಿದ್ದರೆ ಮಾಸಿರಲಿ.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಒಂದಿದೆ. "ಇದು ನನ್ನ ಕೈಯಲ್ಲಿ ಆಗೋದಿಲ್ಲ, ಇಂಥವರ ಹತ್ತಿರ ಹೋಗಿ, ನಾನು ಚೀಟಿ ಬರೆದು ಕೊಡ್ತೀನಿ" ಎಂಬ ಮಾತು ಆ ಡಾಕ್ಟರ ಬಾಯಲ್ಲಿ ಬರುತ್ತದೆಯೇ? ಬರುವುದಿಲ್ಲ ಎಂದಾದರೆ ಹತ್ತಿರವಿದ್ದರೂ ಅವರನ್ನು ಬಿಡಿ. ಬರುತ್ತದೆ ಎಂದಾದರೆ ದೊಡ್ಡ ಆಸ್ಪತ್ರೆಯ ನಿಜವಾದ ಜಾಗ ನಿಮಗೆ ಸಿಕ್ಕಿತು. ಮುರಿದ ತೊಡೆಮೂಳೆಗೆ ಪ್ಲೇಟು ಹಾಕಲು, ಡಯಾಲಿಸಿಸ್‌ಗೆ, ಕಣ್ಣಿನ ಆಪರೇಷನ್ನಿಗೆ, ಕ್ಯಾನ್ಸರಿಗೆ, ರಕ್ತ ಹಾಕಲು, ಹೃದಯದ ಎಕೋಗೆ ದೊಡ್ಡ ಆಸ್ಪತ್ರೆಯೇ ಬೇಕು. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಉಗುರು ಕತ್ತರಿಸಲೂ ಜಂತಿನ ಮಾತ್ರೆಗೂ ಎಲ್ಲರೂ ಅಲ್ಲಿಗೇ ನುಗ್ಗಿದರೆ ಹೊಟ್ಟೆ ತಿರುಚಿಕೊಂಡ ನಾಯಿ ಅದೇ ಸಾಲಿನ ಹಿಂದೆ ನಿಲ್ಲಬೇಕಾಗುತ್ತದೆ.

ಈ ನಂಬಿಕೆಯ ಬೆಲೆ ತೆರುವವರು ಅದನ್ನು ನಂಬಿದವರಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಬೀದಿಯ ಕ್ಲಿನಿಕ್ಕು ನಡೆಯುವುದು ಅನುಕೂಲಸ್ಥರ ಲಸಿಕೆ, ಮಾತ್ರೆಗಳ ಸಣ್ಣ ಸಣ್ಣ ಫೀಸಿನಿಂದ. ಆ ದುಡ್ಡಿನ ಬಲದಲ್ಲೇ ಡಾಕ್ಟರು ಆಟೋ ಓಡಿಸುವವರ ನಾಯಿಗೆ, ಹೂವಿನಮ್ಮನ ಬೆಕ್ಕಿಗೆ, ಯಾರೋ ಎತ್ತಿಕೊಂಡು ತಂದ ಬೀದಿನಾಯಿಗೆ ಅರ್ಧ ಫೀಸಿಗೋ ಪುಕ್ಕಟೆಯೋ ನೋಡುತ್ತಾರೆ. ಬೀದಿನಾಯಿಗಳಿಗೆ ಅನ್ನ ಹಾಕುವ ಹೆಂಗಸರು ರೇಬೀಸ್ ಲಸಿಕೆಗೆ ಕರೆಯುವುದೂ ಅವರನ್ನೇ. ಅನುಕೂಲಸ್ಥರೆಲ್ಲ ಗಾಜಿನ ಬಾಗಿಲಿನತ್ತ ಹೊರಟುಹೋದರೆ ಷಟರು ಮುಚ್ಚುತ್ತದೆ. ಹೆಬ್ಬಾಳದಿಂದಲೋ ಶಿವಮೊಗ್ಗದಿಂದಲೋ ಪಾಸಾಗಿ ಬಂದ ಹೊಸ ಡಾಕ್ಟರು ಸ್ವಂತ ಕ್ಲಿನಿಕ್ಕು ತೆರೆಯುವ ಧೈರ್ಯ ಮಾಡದೆ ಸಂಬಳಕ್ಕೆ ಸೇರುತ್ತಾರೆ. ಆಮೇಲೆ ಆ ಬೀದಿಯ ಬಡವರ ಪ್ರಾಣಿಗೆ ಡಾಕ್ಟರಿಲ್ಲ, ಬೀದಿನಾಯಿಗೆ ಲಸಿಕೆಯಿಲ್ಲ. ಲಸಿಕೆಯಿಲ್ಲದ ಬೀದಿನಾಯಿ ಕಚ್ಚುವಾಗ ಯಾವ ಅಪಾರ್ಟ್‌ಮೆಂಟಿನ ಮಗು ಎಂದು ನೋಡುವುದಿಲ್ಲ.

ಆದ್ದರಿಂದ ನಾಯಿಮರಿ ಚೆನ್ನಾಗಿ ಆಡಿಕೊಂಡಿರುವಾಗಲೇ, ಕಾಯಿಲೆ ಬೀಳುವ ಮುಂಚೆಯೇ, ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಪಶುವೈದ್ಯರನ್ನು ಒಮ್ಮೆ ಹೋಗಿ ನೋಡಿ. ನೋಂದಣಿ ಕೇಳಿ, ಫ್ರಿಜ್ಜು ನೋಡಿ, ತೂಕ ಹಾಕಿಸಿ, ದರ ಕೇಳಿ, ರಾತ್ರಿ ಯಾರಿಗೆ ಫೋನು ಮಾಡಬೇಕೆಂದು ಕೇಳಿ. ಒಪ್ಪಿಗೆಯಾದರೆ ಅಲ್ಲೇ ನಿಲ್ಲಿ. ಸ್ಟಾರು ನೋಡಿ ಡಾಕ್ಟರನ್ನು ಬದಲಿಸಬೇಡಿ. ಮುಂದಿನ ಸಲ ಲಿಫ್ಟಿನಲ್ಲಿ ಯಾರಾದರೂ ಕೇಳಿದರೆ ಆಸ್ಪತ್ರೆಯ ಹೆಸರು ಹೇಳುವ ಬದಲು ನಿಮ್ಮ ಡಾಕ್ಟರ ಹೆಸರು ಹೇಳಿ.